ಚೆಂಡು ಕಡಿಮೆ, ಗೋಲು ಹೆಚ್ಚು: ಲೆಸ್ಟರ್ ಸಿಟಿ ತಂಡದ ಆಕ್ರಮಣ ತಂತ್ರ ಮತ್ತು ಸಣ್ಣ ಉದ್ಯಮ

ದೊಡ್ಡ ಬಂಡವಾಳದವನೊಡನೆ ಸಣ್ಣ ಬಂಡವಾಳದವನು ಸ್ಪರ್ಧಿಸಿ ಉಳಿಯಬಲ್ಲನೇ ಎಂಬ ಪ್ರಶ್ನೆ ವ್ಯಾಪಾರದಷ್ಟೇ ಹಳೆಯದು. ಈ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಹುಡುಕುವುದು ವಾಡಿಕೆ. ಆದರೆ ಕೆಲವೊಮ್ಮೆ ಆಟದ ಮೈದಾನವೂ ಲೆಕ್ಕದ ಪುಸ್ತಕದಷ್ಟೇ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಇಂಗ್ಲೆಂಡಿನ ಲೆಸ್ಟರ್ ನಗರದ ಫುಟ್‌ಬಾಲ್ ತಂಡವು 2015-16ನೇ ಸಾಲಿನಲ್ಲಿ ಅಲ್ಲಿನ ಅತ್ಯುನ್ನತ ಪಂದ್ಯಾವಳಿಯಾದ ಪ್ರೀಮಿಯರ್ ಲೀಗ್ ಪ್ರಶಸ್ತಿಯನ್ನು ಗೆದ್ದ ರೀತಿ ಅಂಥದೊಂದು ಉತ್ತರವಾಗಿದೆ. ಆ ಗೆಲುವನ್ನು ಅದೃಷ್ಟವೆಂದು ಬಣ್ಣಿಸಿದವರು ಅನೇಕರು. ಆದರೆ ವಾರ ವಾರವೂ ಪಂದ್ಯ ನೋಡಿದ ಅಭಿಮಾನಿಗೆ ಅದರಲ್ಲಿ ಒಂದು ಕ್ರಮಬದ್ಧವಾದ ಆಕ್ರಮಣ ತಂತ್ರ ಕಾಣಿಸಿತು. ಅದು ಏನು, ಏಕೆ ಫಲಿಸಿತು, ಮುಂದೆ ಏಕೆ ಕೈಕೊಟ್ಟಿತು ಎಂಬುದನ್ನು ವರ್ತಕರ ಹಾಗೂ ಸಣ್ಣ ತಯಾರಕರ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತಂಡದ ಹಿನ್ನೆಲೆ

ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳು. ಪ್ರತಿಯೊಂದು ತಂಡವೂ ಉಳಿದ 19 ತಂಡಗಳೊಡನೆ ತನ್ನ ಊರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ, ಹೀಗೆ ಒಟ್ಟು 38 ಪಂದ್ಯಗಳನ್ನು ಆಡುತ್ತದೆ. ಗೆದ್ದರೆ 3 ಅಂಕ, ಸಮವಾದರೆ 1 ಅಂಕ, ಸೋತರೆ ಸೊನ್ನೆ. ವರ್ಷಾಂತ್ಯದಲ್ಲಿ ಕೊನೆಯ 3 ಸ್ಥಾನಗಳಲ್ಲಿ ಉಳಿದ ತಂಡಗಳು ಕೆಳದರ್ಜೆಯ ಲೀಗಿಗೆ ಇಳಿಯಬೇಕು. ಹಾಗೆ ಇಳಿದ ತಂಡಕ್ಕೆ ದೂರದರ್ಶನ ಪ್ರಸಾರದಿಂದ ಬರುವ ಹಣವು ಬಹುಪಾಲು ಕಡಿತವಾಗುತ್ತದೆ. ಆದುದರಿಂದ ಇಳಿಯುವುದೆಂದರೆ ಕೇವಲ ಮಾನಹಾನಿಯಲ್ಲ, ವರಮಾನದ ಹಾನಿಯೂ ಹೌದು.

ಲೆಸ್ಟರ್ ಸಿಟಿ 2014ರಲ್ಲಿ ಈ ಲೀಗಿಗೆ ಮೇಲೇರಿ ಬಂದ ತಂಡ. 2014-15ರಲ್ಲಿ ಅದು ತಿಂಗಳುಗಟ್ಟಲೆ ಪಟ್ಟಿಯ ತಳದಲ್ಲಿತ್ತು. ನೈಜೆಲ್ ಪಿಯರ್ಸನ್ ಅವರ ತರಬೇತಿಯಲ್ಲಿ ಕೊನೆಯ 9 ಪಂದ್ಯಗಳ ಪೈಕಿ 7ನ್ನು ಗೆದ್ದು, 41 ಅಂಕಗಳೊಂದಿಗೆ 14ನೇ ಸ್ಥಾನ ಪಡೆದು ಹೇಗೋ ಉಳಿದುಕೊಂಡಿತು. 2015ರ ಜೂನ್ ತಿಂಗಳಲ್ಲಿ ಪಿಯರ್ಸನ್ ಹುದ್ದೆ ಕಳೆದುಕೊಂಡರು. ಜುಲೈ ತಿಂಗಳಲ್ಲಿ ಇಟಲಿಯ ಕ್ಲಾಡಿಯೊ ರನಿಯೇರಿ ನೇಮಕಗೊಂಡರು. ಹಿಂದಿನ ವರ್ಷ ಗ್ರೀಸ್ ದೇಶದ ತಂಡದ ಹೊಣೆ ಹೊತ್ತು, ಫೆರೋ ದ್ವೀಪಗಳಂಥ ಪುಟ್ಟ ತಂಡದೆದುರು ಸೋತು ಕೆಲಸ ಕಳೆದುಕೊಂಡಿದ್ದವರು ಅವರು. ಲೆಸ್ಟರ್ ಪ್ರಶಸ್ತಿ ಗೆಲ್ಲುತ್ತದೆಂದು 1 ಪೌಂಡ್ ಪಣವಿಟ್ಟರೆ 5000 ಪೌಂಡ್ ಕೊಡುವುದಾಗಿ ಇಂಗ್ಲೆಂಡಿನ ಪಂಥದ ಅಂಗಡಿಗಳು ಘೋಷಿಸಿದ್ದುವು.

ಬಂಡವಾಳದ ಅಂತರವೂ ಅಷ್ಟೇ ದೊಡ್ಡದಾಗಿತ್ತು. 2015-16ನೇ ಸಾಲಿನ ಲೆಕ್ಕಪತ್ರಗಳ ಪ್ರಕಾರ ಮ್ಯಾಂಚೆಸ್ಟರ್ ಯುನೈಟೆಡ್ ಸಂಸ್ಥೆಯ ಆದಾಯ ಸುಮಾರು 515 ದಶಲಕ್ಷ ಪೌಂಡ್, ವೇತನ ವೆಚ್ಚ ಸುಮಾರು 232 ದಶಲಕ್ಷ ಪೌಂಡ್. ಲೆಸ್ಟರಿನ ಆದಾಯ ಸುಮಾರು 129 ದಶಲಕ್ಷ ಪೌಂಡ್, ವೇತನ ವೆಚ್ಚ ಸುಮಾರು 80 ದಶಲಕ್ಷ ಪೌಂಡ್. ಅಂದರೆ ಎದುರಾಳಿಯ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿನ ವೇತನದಲ್ಲಿ ಲೆಸ್ಟರ್ ತನ್ನ ತಂಡವನ್ನು ನಡೆಸಿತು.

ಅಭಿಮಾನಿ ಕಂಡ ಆಟ

ಆ ವರ್ಷಗಳಲ್ಲಿ ಯುರೋಪಿನ ಬಲಿಷ್ಠ ತಂಡಗಳು ಅನುಸರಿಸುತ್ತಿದ್ದ ಮಾರ್ಗ ಚೆಂಡಿನ ಸ್ವಾಧೀನದ ಮಾರ್ಗ. ಚೆಂಡು ತಮ್ಮ ಕಾಲಿನಲ್ಲಿದ್ದರೆ ಎದುರಾಳಿ ಗೋಲು ಹೊಡೆಯಲಾರ, ಆದುದರಿಂದ ಚಿಕ್ಕ ಚಿಕ್ಕ ಪಾಸುಗಳಿಂದ ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು, ಎದುರಾಳಿಯನ್ನು ದಣಿಸಿ, ಸಂದು ಸಿಕ್ಕಾಗ ನುಗ್ಗಬೇಕು ಎಂಬುದು ಅದರ ತತ್ತ್ವ. ಈ ಮಾರ್ಗಕ್ಕೆ ಹನ್ನೊಂದು ಮಂದಿಯೂ ಉತ್ತಮ ಕೌಶಲದವರಾಗಿರಬೇಕು. ಅಂಥವರ ಬೆಲೆ ಅಪಾರ.

ಲೆಸ್ಟರ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. ಚೆಂಡಿನ ಸ್ವಾಧೀನದಲ್ಲಿ ಅದರ ಸರಾಸರಿ ಪಾಲು ಶೇಕಡ 45ಕ್ಕಿಂತ ಕಡಿಮೆ. ಪಾಸುಗಳು ಸರಿಯಾಗಿ ತಲುಪುವ ಪ್ರಮಾಣದಲ್ಲಿಯೂ ಅದು ಲೀಗಿನ ತಳದ ತಂಡಗಳ ಸಾಲಿನಲ್ಲಿತ್ತು. ಮೊದಲಿಗೆ ಇದನ್ನು ಕಂಡ ಅಭಿಮಾನಿಗೆ ಆತಂಕ ಸಹಜ. ತನ್ನ ತಂಡದ ಬಳಿ ಚೆಂಡೇ ಇಲ್ಲ, ಎದುರಾಳಿ ಮೈದಾನದ ತುಂಬ ಓಡಾಡುತ್ತಿದ್ದಾನೆ, ಗೆಲ್ಲುವುದೆಂತು? ಆದರೆ ಹತ್ತು ಪಂದ್ಯ ನೋಡಿದ ಮೇಲೆ ಆ ಅಭಿಮಾನಿಯ ಕಣ್ಣಿಗೆ ಈ ಕೆಳಗಿನ ಕ್ರಮ ಗೋಚರಿಸತೊಡಗಿತು.

ಮೊದಲನೆಯದಾಗಿ, ಚೆಂಡು ಎದುರಾಳಿಯ ಬಳಿ ಇದ್ದಾಗ ಲೆಸ್ಟರಿನ ಆಟಗಾರರು ತಲಾ ನಾಲ್ವರ ಎರಡು ಸಾಲುಗಳಾಗಿ ತಮ್ಮ ಗೋಲಿನ ಮುಂದೆ ಇಕ್ಕಟ್ಟಾಗಿ ನಿಲ್ಲುತ್ತಿದ್ದರು. ಮೈದಾನದ ಅಂಚುಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು ನಡುಭಾಗವನ್ನು ಮುಚ್ಚುತ್ತಿದ್ದರು. ಅಂಚಿನಿಂದ ಎತ್ತರಕ್ಕೆ ಬರುವ ಚೆಂಡನ್ನು ವೆಸ್ ಮೋರ್ಗನ್ ಹಾಗೂ ರಾಬರ್ಟ್ ಹುತ್ ಎಂಬ ದೃಢಕಾಯದ ಇಬ್ಬರು ಡಿಫೆಂಡರುಗಳು ತಲೆಯಿಂದ ಹೊಡೆದು ಹಿಂದಿರುಗಿಸುತ್ತಿದ್ದರು.

ಎರಡನೆಯದಾಗಿ, ನಡುಮೈದಾನದಲ್ಲಿ ಎನ್‌ಗೋಲೊ ಕಾಂಟೆ ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುತ್ತಿದ್ದರು. ಆ ಸಾಲಿನಲ್ಲಿ ಅವರು 175 ಬಾರಿ ಎದುರಾಳಿಯನ್ನು ತಡೆದು, 156 ಬಾರಿ ಅವರ ಪಾಸನ್ನು ನಡುವೆಯೇ ಹಿಡಿದರು. ಎರಡೂ ಲೀಗಿನಲ್ಲೇ ಅಧಿಕ ಸಂಖ್ಯೆಗಳು.

ಮೂರನೆಯದಾಗಿ, ಚೆಂಡು ಸಿಕ್ಕ ಕೂಡಲೇ ಅದನ್ನು ಹಿಂದೆ, ಅಕ್ಕಪಕ್ಕ ಆಡಿಸುತ್ತ ಕಾಲ ಕಳೆಯುತ್ತಿರಲಿಲ್ಲ. ಡ್ಯಾನಿ ಡ್ರಿಂಕ್‌ವಾಟರ್ ಅಥವಾ ರಿಯಾದ್ ಮಹ್ರೆಜ್ ಅದನ್ನು ನೇರವಾಗಿ ಮುಂದಕ್ಕೆ, ಎದುರಾಳಿ ಡಿಫೆಂಡರುಗಳ ಬೆನ್ನಿನ ಹಿಂದಣ ಖಾಲಿ ಜಾಗಕ್ಕೆ ಕಳುಹಿಸುತ್ತಿದ್ದರು. ಈ ಖಾಲಿ ಜಾಗವೇ ತಂತ್ರದ ತಿರುಳು. ಚೆಂಡನ್ನು ತನ್ನಲ್ಲಿಟ್ಟುಕೊಂಡು ಆಕ್ರಮಿಸುವ ತಂಡದ ಡಿಫೆಂಡರುಗಳೂ ಕ್ರಮೇಣ ನಡುಗೆರೆಯವರೆಗೆ ಮುಂದೆ ಬರುತ್ತಾರೆ. ಅವರ ಹಿಂದೆ ಅರ್ಧ ಮೈದಾನ ಬರಿದಾಗಿರುತ್ತದೆ. ಎದುರಾಳಿ ಎಷ್ಟು ಹೆಚ್ಚು ಆಕ್ರಮಿಸಿದರೆ ಆ ಬಯಲು ಅಷ್ಟು ವಿಶಾಲವಾಗುತ್ತದೆ.

ನಾಲ್ಕನೆಯದಾಗಿ, ಆ ಬಯಲಿಗೆ ಎಲ್ಲರಿಗಿಂತ ಮೊದಲು ಓಡಿ ತಲುಪುವ ಜೇಮಿ ವಾರ್ಡಿ. ಅವರೊಡನೆ ಮುಂಪಡೆಯಲ್ಲಿದ್ದ ಜಪಾನಿನ ಶಿಂಜಿ ಒಕಾಝಾಕಿ ಹಿಂದೆ ಸರಿದು ನಡುಮೈದಾನಕ್ಕೂ ನೆರವಾಗುತ್ತಿದ್ದರು. ವೇಗವಾಗಿ ನುಗ್ಗುವವನನ್ನು ತಡೆಯಲು ಹೋಗಿ ಎದುರಾಳಿಗಳು ತಪ್ಪೆಸಗುತ್ತಿದ್ದರು. ಲೆಸ್ಟರ್ ಆ ಸಾಲಿನಲ್ಲಿ 10 ಗೋಲುಗಳನ್ನು ಪೆನಾಲ್ಟಿಯಿಂದಲೇ ಗಳಿಸಿತು. ಅದೂ ಇದೇ ತಂತ್ರದ ಉಪಫಲ.

ಒಂದು ಗೋಲಿನ ವಿವರ

2015ರ ನವೆಂಬರ್ 28ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಲೆಸ್ಟರ್ ಹೊಡೆದ ಗೋಲು ಈ ತಂತ್ರದ ಉತ್ತಮ ನಿದರ್ಶನ. ಆಗ ಆಕ್ರಮಿಸುತ್ತಿದ್ದುದು ಯುನೈಟೆಡ್. ಅವರಿಗೆ ದೊರೆತ ಕಾರ್ನರ್ ಒದೆತದ ಚೆಂಡು ಲೆಸ್ಟರಿನ ಗೋಲಿನ ಬಳಿಗೆ ಬಂತು. ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕಲ್ ಅದನ್ನು ಹಿಡಿದು, ಕ್ಷಣವೂ ತಡೆಯದೆ ಕ್ರಿಸ್ಟಿಯನ್ ಫುಕ್ಸ್ ಅವರಿಗೆ ಎಸೆದರು. ಫುಕ್ಸ್ ಚೆಂಡಿನೊಡನೆ ಮುಂದೆ ಓಡಿ, ವಾರ್ಡಿ ಓಡುತ್ತಿದ್ದ ದಾರಿಗೆ ಒಂದೇ ಪಾಸು ನೀಡಿದರು. ವಾರ್ಡಿ ಗೋಲು ಹೊಡೆದರು. ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದ ದಾಖಲೆ ಆ ಗೋಲಿನಿಂದ ಅವರದಾಯಿತು. ಪಂದ್ಯ 1-1ರಲ್ಲಿ ಸಮವಾಯಿತು.

ಗಮನಿಸಬೇಕಾದ ಅಂಶವೆಂದರೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಚೆಂಡು ಸಾಗಲು ಬೇಕಾದುದು ಮೂವರು ಮಾತ್ರ. ಎದುರಾಳಿಯ ಆಕ್ರಮಣವೇ ಲೆಸ್ಟರಿನ ಆಕ್ರಮಣಕ್ಕೆ ಆರಂಭವಾಯಿತು. ಚೆಂಡು ಯಾರ ಕೈಯಲ್ಲಿಯೂ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚೆಂಡು ಮತ್ತು ದಾಸ್ತಾನು

ವರ್ತಕರು ಈ ಆಟವನ್ನು ತಮ್ಮ ಭಾಷೆಯಲ್ಲಿ ಓದಿಕೊಳ್ಳುವುದು ಕಷ್ಟವಲ್ಲ. ಮೈದಾನದಲ್ಲಿ ಚೆಂಡು ಹೇಗೋ ವ್ಯಾಪಾರದಲ್ಲಿ ದುಡಿಮೆ ಬಂಡವಾಳ ಹಾಗೆ. ಅದು ಎಷ್ಟು ಹೊತ್ತು ತನ್ನ ಬಳಿ ಇತ್ತು ಎಂಬುದಕ್ಕಿಂತ ಎಷ್ಟು ಬಾರಿ ಗೋಲಿನವರೆಗೆ ಸಾಗಿ ಬಂತು ಎಂಬುದು ಮುಖ್ಯ. ಗೋದಾಮಿನಲ್ಲಿ ತುಂಬಿದ ಸರಕು, ಗಿರಾಕಿಗಳ ಬಳಿ ನಿಂತ ಉದ್ದರಿ ಬಾಕಿ, ಇವು ನೋಡುವವರ ಕಣ್ಣಿಗೆ ವೈಭವ. ಆದರೆ ಅಲ್ಲಿ ಹಣ ನಿಂತಿರುತ್ತದೆಯೇ ಹೊರತು ದುಡಿಯುತ್ತಿರುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 'ಅ' ಎಂಬ ದೊಡ್ಡ ಸಂಸ್ಥೆಯ ಬಂಡವಾಳ 1 ಕೋಟಿ ರೂಪಾಯಿ. ಅದು ವರ್ಷಕ್ಕೆ 2 ಸಲ ತಿರುಗುತ್ತದೆ. ವಹಿವಾಟು 2 ಕೋಟಿ. ವಹಿವಾಟಿನ ಮೇಲೆ ನಿವ್ವಳ ಲಾಭ ಶೇಕಡ 8, ಅಂದರೆ 16 ಲಕ್ಷ ರೂಪಾಯಿ. ಬಂಡವಾಳದ ಮೇಲಿನ ಪ್ರತಿಫಲ ಶೇಕಡ 16. 'ಆ' ಎಂಬ ಸಣ್ಣ ಘಟಕದ ಬಂಡವಾಳ 20 ಲಕ್ಷ ರೂಪಾಯಿ. ಅದು ವರ್ಷಕ್ಕೆ 6 ಸಲ ತಿರುಗುತ್ತದೆ. ವಹಿವಾಟು 1 ಕೋಟಿ 20 ಲಕ್ಷ. ಲಾಭ ಕೇವಲ ಶೇಕಡ 4, ಅಂದರೆ 4 ಲಕ್ಷ 80 ಸಾವಿರ ರೂಪಾಯಿ. ಆದರೆ ಬಂಡವಾಳದ ಮೇಲಿನ ಪ್ರತಿಫಲ ಶೇಕಡ 24. ಲಾಭದ ದರ ಅರ್ಧದಷ್ಟಿದ್ದರೂ ಹಣದ ವೇಗವು ಸಣ್ಣ ಘಟಕವನ್ನು ಮುಂದಿರಿಸಿತು.

ಈಗ ಇದೇ 'ಆ' ಘಟಕವು ದೊಡ್ಡವರಂತೆ ಕಾಣಬೇಕೆಂಬ ಆಸೆಯಿಂದ ದೀರ್ಘ ಉದ್ದರಿಯ ಮೇಲೆ ದೊಡ್ಡ ಗಿರಾಕಿಯ ಬೇಡಿಕೆಗಳನ್ನು ಒಪ್ಪಿಕೊಂಡಿತೆಂದು ಇಟ್ಟುಕೊಳ್ಳೋಣ. ವಸೂಲಿ ತಡವಾಗಿ, ಬಂಡವಾಳವು ವರ್ಷಕ್ಕೆ 6ರ ಬದಲು 3 ಸಲ ಮಾತ್ರ ತಿರುಗುತ್ತದೆ. ಆಗ ಅದರ ಮುಂದೆ ಎರಡು ದಾರಿಗಳು. ಇದ್ದ ಬಂಡವಾಳದಲ್ಲಿಯೇ ನಡೆಸಿದರೆ ವಹಿವಾಟು 60 ಲಕ್ಷಕ್ಕೆ ಇಳಿದು ಲಾಭ 2 ಲಕ್ಷ 40 ಸಾವಿರವಾಗುತ್ತದೆ. ವಹಿವಾಟನ್ನು 1 ಕೋಟಿ 20 ಲಕ್ಷದಲ್ಲಿಯೇ ಉಳಿಸಿಕೊಳ್ಳಬೇಕಾದರೆ ಇನ್ನೂ 20 ಲಕ್ಷ ರೂಪಾಯಿ ಸಾಲ ತರಬೇಕು. ಅದಕ್ಕೆ ಶೇಕಡ 12ರಂತೆ ಬಡ್ಡಿ 2 ಲಕ್ಷ 40 ಸಾವಿರ. ಉಳಿಯುವ ಲಾಭ ಪುನಃ 2 ಲಕ್ಷ 40 ಸಾವಿರ. ಯಾವ ದಾರಿಯಲ್ಲಿ ಹೋದರೂ ಲಾಭ ಅರ್ಧವಾಯಿತು. ಲೆಸ್ಟರ್ ತನ್ನ ಆಟಗಾರರಿಂದ ದೊಡ್ಡ ತಂಡಗಳ ಪಾಸಿನಾಟವನ್ನು ಆಡಿಸಲು ಹೋಗಿದ್ದರೆ ಆಗುತ್ತಿದ್ದುದೂ ಇದೇ.

ಆರಂಭದ ಸೋರಿಕೆ ಮತ್ತು ತಿದ್ದುಪಡಿ

ತಂತ್ರವು ಮೊದಲ ದಿನದಿಂದಲೇ ಪರಿಪೂರ್ಣವಾಗಿತ್ತೆಂದು ತಿಳಿಯಬಾರದು. ಮೊದಲ 9 ಪಂದ್ಯಗಳಲ್ಲಿ ಲೆಸ್ಟರ್ 19 ಗೋಲು ಹೊಡೆದು 17 ಗೋಲು ಬಿಟ್ಟುಕೊಟ್ಟಿತು. ಈ 9ರಲ್ಲಿ ಒಂದು ಪಂದ್ಯದಲ್ಲಿಯೂ ಎದುರಾಳಿಯನ್ನು ಸೊನ್ನೆಗೆ ಹಿಡಿದಿಡಲು ಆಗಲಿಲ್ಲ. 2015ರ ಸೆಪ್ಟೆಂಬರ್ 26ರಂದು ಆರ್ಸೆನಲ್ ವಿರುದ್ಧ ತನ್ನ ಊರಿನಲ್ಲಿಯೇ 2-5ರಿಂದ ಸೋತಿತು. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಮಾರಾಟ ಚೆನ್ನಾಗಿತ್ತು, ಖರ್ಚು ಅದನ್ನು ನುಂಗುತ್ತಿತ್ತು.

ರನಿಯೇರಿ ಇಲ್ಲಿ ಮಾಡಿದ ಬದಲಾವಣೆ ಚಿಕ್ಕದು. ಆಕ್ರಮಣದ ವ್ಯವಸ್ಥೆಯನ್ನು ಮುಟ್ಟದೆ, ಎರಡು ಅಂಚುಗಳ ಡಿಫೆಂಡರುಗಳ ಸ್ಥಾನಕ್ಕೆ ಡ್ಯಾನಿ ಸಿಂಪ್ಸನ್ ಹಾಗೂ ಕ್ರಿಸ್ಟಿಯನ್ ಫುಕ್ಸ್ ಅವರನ್ನು ತಂದರು. ಮುಂದೆ ನುಗ್ಗುವುದಕ್ಕಿಂತ ಹಿಂದೆ ಕಾಯುವುದರಲ್ಲಿ ಅವರು ಹೆಚ್ಚು ನಂಬಿಕಸ್ಥರು. ಒಂದು ಪಂದ್ಯದಲ್ಲಿ ಗೋಲು ಬಿಟ್ಟುಕೊಡದಿದ್ದರೆ ಎಲ್ಲರಿಗೂ ಪಿಜ್ಜಾ ಊಟ ಹಾಕಿಸುವುದಾಗಿಯೂ ರನಿಯೇರಿ ಮಾತುಕೊಟ್ಟಿದ್ದರು. ಅಕ್ಟೋಬರ್ 24ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 1-0ರಿಂದ ಗೆದ್ದಾಗ ಆಟಗಾರರು ಆ ಊಟವನ್ನು ಸಂಪಾದಿಸಿದರು.

ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. ಉಳಿದ 29 ಪಂದ್ಯಗಳಲ್ಲಿ ಲೆಸ್ಟರ್ ಹೊಡೆದ ಗೋಲು 49, ಬಿಟ್ಟುಕೊಟ್ಟ ಗೋಲು 19 ಮಾತ್ರ. 15 ಪಂದ್ಯಗಳಲ್ಲಿ ಎದುರಾಳಿಗೆ ಗೋಲೇ ಸಿಗಲಿಲ್ಲ. ಹೊಡೆಯುವ ಗೋಲಿನ ಸರಾಸರಿಯು ಪಂದ್ಯಕ್ಕೆ 2.1ರಿಂದ 1.7ಕ್ಕೆ ಇಳಿದರೆ, ಬಿಟ್ಟುಕೊಡುವ ಸರಾಸರಿಯು 1.9ರಿಂದ 0.7ಕ್ಕೆ ಇಳಿಯಿತು. ಫೆಬ್ರವರಿ ಕೊನೆಯಿಂದ ಏಪ್ರಿಲ್ ಆರಂಭದವರೆಗಿನ 6 ಪಂದ್ಯಗಳ ಪೈಕಿ ನಾರ್ವಿಚ್, ವಾಟ್‌ಫರ್ಡ್, ನ್ಯೂಕ್ಯಾಸಲ್, ಕ್ರಿಸ್ಟಲ್ ಪ್ಯಾಲೆಸ್, ಸೌತ್‌ಹ್ಯಾಂಪ್ಟನ್ ವಿರುದ್ಧದ 5 ಪಂದ್ಯಗಳನ್ನು ಗೆದ್ದುದು 1-0 ಎಂಬ ಒಂದೇ ಅಂತರದಿಂದ. ಪ್ರಶಸ್ತಿ ದೃಢವಾದುದು ಈ ಮಂದಗತಿಯ ತಿಂಗಳುಗಳಲ್ಲಿ. ವಹಿವಾಟು ತುಸು ತಗ್ಗಿದರೂ ವೆಚ್ಚ ಅದಕ್ಕಿಂತ ಹೆಚ್ಚು ತಗ್ಗಿದರೆ ಉಳಿಕೆ ಬೆಳೆಯುತ್ತದೆ ಎಂಬ ಲೆಕ್ಕ ಇಲ್ಲಿಯೂ ನಿಜವಾಯಿತು.

ಖರೀದಿಯ ವಿವೇಕ

ಆಕ್ರಮಣ ತಂತ್ರವು ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ನಡೆಸುವ ಕೈಗಳು ಬೇಕು. ಜೇಮಿ ವಾರ್ಡಿ 2012ರಲ್ಲಿ ಲೆಸ್ಟರಿಗೆ ಬಂದಾಗ ಬೆಲೆ ಸುಮಾರು 1 ದಶಲಕ್ಷ ಪೌಂಡ್. ಲೀಗ್ ವ್ಯವಸ್ಥೆಯ ಕೆಳಗಣ ಹಂತಗಳಲ್ಲಿ ಆಡುತ್ತ, ಜೀವನಕ್ಕಾಗಿ ವೈದ್ಯಕೀಯ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿದಿದ್ದವರು ಅವರು. ರಿಯಾದ್ ಮಹ್ರೆಜ್ 2014ರ ಜನವರಿಯಲ್ಲಿ ಫ್ರಾನ್ಸಿನ ಎರಡನೆಯ ದರ್ಜೆಯ ಲೆ ಹಾವ್ರ್ ತಂಡದಿಂದ ಬಂದರು. ಬೆಲೆ ಅರ್ಧ ದಶಲಕ್ಷ ಪೌಂಡಿಗಿಂತ ಕಡಿಮೆ. ಕಾಂಟೆ 2015ರಲ್ಲಿ ಫ್ರಾನ್ಸಿನ ಕಾನ್ ತಂಡದಿಂದ ಸುಮಾರು 5.6 ದಶಲಕ್ಷ ಪೌಂಡಿಗೆ ಬಂದರು. ಫುಕ್ಸ್ ಹಾಗೂ ಮಾರ್ಕ್ ಆಲ್‌ಬ್ರೈಟನ್ ಅವರಿಗೆ ವರ್ಗಾವಣೆಯ ಬೆಲೆಯೇ ಇರಲಿಲ್ಲ. ಆ ಸಾಲಿನಲ್ಲಿ ವಾರ್ಡಿ 24 ಗೋಲು, ಮಹ್ರೆಜ್ 17 ಗೋಲು ಹೊಡೆದರು. ತಂಡದ 68 ಗೋಲುಗಳ ಪೈಕಿ 41 ಗೋಲು ಈ ಇಬ್ಬರವು. ಇಬ್ಬರ ಒಟ್ಟು ಖರೀದಿ ಬೆಲೆ 1.5 ದಶಲಕ್ಷ ಪೌಂಡ್ ದಾಟಲಿಲ್ಲ.

ಇವರನ್ನು ಗುರುತಿಸುವಲ್ಲಿ ಸಹಾಯಕ ತರಬೇತುದಾರರೂ ಆಟಗಾರರ ಆಯ್ಕೆಯ ಮುಖ್ಯಸ್ಥರೂ ಆಗಿದ್ದ ಸ್ಟೀವ್ ವಾಲ್ಶ್ ಅವರ ಪಾತ್ರ ದೊಡ್ಡದು. ದೊಡ್ಡ ತಂಡಗಳು ಎಲ್ಲ ಗುಣಗಳೂ ಇರುವ ಆಟಗಾರನಿಗಾಗಿ ಹಣ ಸುರಿಯುತ್ತಿದ್ದಾಗ, ಲೆಸ್ಟರ್ ತನ್ನ ತಂತ್ರಕ್ಕೆ ಬೇಕಾದ ಒಂದೇ ಗುಣ ಇರುವವನನ್ನು ಹುಡುಕಿತು. ವಾರ್ಡಿಯಿಂದ ವೇಗ, ಕಾಂಟೆಯಿಂದ ದಣಿವರಿಯದ ಓಟ, ಹುತ್ ಅವರಿಂದ ತಲೆಯ ಹೊಡೆತ. ಯಂತ್ರ ಕೊಳ್ಳುವಾಗ ಬೇಡದ ಸೌಲಭ್ಯಗಳಿಗೂ ಬೆಲೆ ಕೊಡುವುದು ಸಣ್ಣ ತಯಾರಕರಲ್ಲಿ ಕಾಣುವ ದೌರ್ಬಲ್ಯ. ಮಾಡಬೇಕಾದ ಕೆಲಸವನ್ನು ಮೊದಲು ನಿರ್ಧರಿಸಿ, ಆ ಕೆಲಸಕ್ಕೆ ತಕ್ಕ ಸಾಮರ್ಥ್ಯವನ್ನು ಮಾತ್ರ ಕೊಂಡವನ ಸ್ಥಿರ ವೆಚ್ಚ ಹಗುರವಾಗಿರುತ್ತದೆ.

ಅದೃಷ್ಟದ ಪಾಲು ಎಷ್ಟು?

ಅಭಿಮಾನಿಯ ಅಭಿಮಾನವನ್ನು ಬದಿಗಿಟ್ಟು ಇನ್ನೊಂದು ಮಗ್ಗುಲನ್ನೂ ನೋಡಬೇಕು. 2015-16ರಲ್ಲಿ ದೊಡ್ಡ ತಂಡಗಳೆಲ್ಲ ಎಡವಿದ್ದುವು. ಹಿಂದಿನ ವರ್ಷದ ವಿಜೇತ ಚೆಲ್ಸಿ 50 ಅಂಕಗಳೊಡನೆ 10ನೇ ಸ್ಥಾನಕ್ಕೆ ಕುಸಿಯಿತು. ಎರಡೂ ಮ್ಯಾಂಚೆಸ್ಟರ್ ತಂಡಗಳು 66 ಅಂಕಗಳಲ್ಲಿ ನಿಂತುವು. ಲೆಸ್ಟರ್ ಯುರೋಪಿನ ಪಂದ್ಯಾವಳಿಗಳಲ್ಲಿ ಇರಲಿಲ್ಲ, ದೇಶದ ಎರಡು ಕಪ್ ಪಂದ್ಯಾವಳಿಗಳಿಂದಲೂ ಬೇಗನೆ ಹೊರಬಿತ್ತು. ಆದುದರಿಂದ ಆಟಗಾರರಿಗೆ ವಿಶ್ರಾಂತಿ ದೊರೆಯಿತು. ಮೋರ್ಗನ್ ಹಾಗೂ ಶ್ಮೈಕಲ್ 38 ಪಂದ್ಯಗಳ ಪ್ರತಿ ನಿಮಿಷವೂ ಆಡಿದರು.

ಇವೆಲ್ಲ ಅನುಕೂಲಗಳೇ. ಆದರೆ ಈ ಅನುಕೂಲ ಇತರ ಮಧ್ಯಮ ತಂಡಗಳಿಗೂ ಲಭ್ಯವಿತ್ತು. ಅದನ್ನು 23 ಗೆಲುವು, 12 ಸಮ, 3 ಸೋಲುಗಳ 81 ಅಂಕವಾಗಿ ಪರಿವರ್ತಿಸಿಕೊಂಡುದು ಲೆಸ್ಟರ್ ಒಂದೇ. ಎರಡನೆಯ ಸ್ಥಾನದ ಆರ್ಸೆನಲ್ 10 ಅಂಕ ಹಿಂದಿತ್ತು. 2016ರ ಫೆಬ್ರವರಿ 6ರಂದು ಮ್ಯಾಂಚೆಸ್ಟರ್ ಸಿಟಿಯ ಮೈದಾನಕ್ಕೇ ಹೋಗಿ 3-1ರಿಂದ ಗೆದ್ದುದು ಅದೃಷ್ಟದ ಮಾತಲ್ಲ. ಚೆಂಡು ಬಹುಪಾಲು ಸಿಟಿಯ ಬಳಿಯೇ ಇತ್ತು, ಗೋಲುಗಳು ಲೆಸ್ಟರಿನವು. ಮೇ 2ರಂದು ಟಾಟನ್‌ಹ್ಯಾಂ ತಂಡವು ಚೆಲ್ಸಿಯೊಡನೆ 2-2ರಲ್ಲಿ ಸಮ ಮಾಡಿಕೊಂಡಾಗ ಲೆಸ್ಟರ್ ಪ್ರಶಸ್ತಿ ಖಚಿತವಾಯಿತು. ಮಾರುಕಟ್ಟೆಯ ಅನುಕೂಲ ಎಲ್ಲರ ಬಾಗಿಲಿಗೂ ಬರುತ್ತದೆ. ಸಿದ್ಧನಾಗಿದ್ದವನ ಅಂಗಡಿಯಲ್ಲಿ ಮಾತ್ರ ಅದು ವ್ಯಾಪಾರವಾಗುತ್ತದೆ.

ತಂತ್ರದ ಮಿತಿ

ಮರುವರ್ಷ, 2016-17ರಲ್ಲಿ, ಅದೇ ತಂಡ ಲೀಗಿನಲ್ಲಿ 12ನೇ ಸ್ಥಾನಕ್ಕೆ ಇಳಿಯಿತು. ಯುರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ದು ನಿಜವಾದರೂ, ಲೀಗಿನಲ್ಲಿ ಕೆಳಕ್ಕಿಳಿಯುವ ಭಯ ಎದುರಾಗಿ 2017ರ ಫೆಬ್ರವರಿ 23ರಂದು ರನಿಯೇರಿ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಪ್ರಶಸ್ತಿ ಗೆದ್ದು ಒಂಬತ್ತು ತಿಂಗಳು ಮಾತ್ರ ಕಳೆದಿತ್ತು. ಇದಕ್ಕೆ ಅಭಿಮಾನಿಗಳು ಕಂಡುಕೊಂಡ ಕಾರಣಗಳು ಮೂರು.

ಒಂದು, ತಂತ್ರದ ಕೀಲು ಕಳಚಿತು. ಕಾಂಟೆ ಸುಮಾರು 32 ದಶಲಕ್ಷ ಪೌಂಡಿಗೆ ಚೆಲ್ಸಿ ಸೇರಿದರು. ಬೆಲೆ ಐದು ಪಟ್ಟಿಗೂ ಮೀರಿ ಬಂದುದರಿಂದ ಲಾಭ-ನಷ್ಟದ ಲೆಕ್ಕದಲ್ಲಿ ಅದು ಉತ್ತಮ ಮಾರಾಟ. ಆದರೆ ಚೆಂಡು ಕಸಿಯುವವನೇ ಹೋದ ಮೇಲೆ ಚೆಂಡು ಇಲ್ಲದೆ ಆಡುವ ತಂತ್ರಕ್ಕೆ ಆಧಾರ ತಪ್ಪಿತು. ಆ ವರ್ಷ ಪ್ರಶಸ್ತಿ ಗೆದ್ದುದು ಕಾಂಟೆ ಆಡಿದ ಚೆಲ್ಸಿ.

ಎರಡು, ಆಯ್ಕೆಯ ಜ್ಞಾನ ಹೊರಗೆ ಹೋಯಿತು. ಸ್ಟೀವ್ ವಾಲ್ಶ್ 2016ರಲ್ಲಿಯೇ ಎವರ್ಟನ್ ತಂಡಕ್ಕೆ ಹೋದರು. ಒಬ್ಬ ವ್ಯಕ್ತಿಯ ತಲೆಯಲ್ಲಿ ಮಾತ್ರ ಇದ್ದ ಜ್ಞಾನ ಆ ವ್ಯಕ್ತಿಯೊಡನೆಯೇ ಹೊರಟುಹೋಗುತ್ತದೆ.

ಮೂರು, ಎದುರಾಳಿಗಳು ಕಲಿತರು. ಲೆಸ್ಟರಿಗೆ ಚೆಂಡನ್ನು ಬಿಟ್ಟುಕೊಟ್ಟು, ತಮ್ಮ ಡಿಫೆಂಡರುಗಳನ್ನು ಹಿಂದೆಯೇ ನಿಲ್ಲಿಸಿಕೊಂಡರು. ವಾರ್ಡಿ ಓಡಬೇಕಾದ ಬಯಲು ಮುಚ್ಚಿಹೋಯಿತು. ಚೆಂಡು ತನ್ನ ಬಳಿ ಇದ್ದಾಗ ಮಾಡುವುದೇನೆಂಬ ಎರಡನೆಯ ತಂತ್ರ ಲೆಸ್ಟರಿನ ಬಳಿ ಸಿದ್ಧವಿರಲಿಲ್ಲ. ದೊಡ್ಡವರು ಗಮನಿಸದ ಸಂದಿನಲ್ಲಿ ಬೆಳೆದ ವ್ಯಾಪಾರಿಗೆ ದೊಡ್ಡವರ ಗಮನ ಬಿದ್ದ ದಿನವೇ ನಿಜವಾದ ಪರೀಕ್ಷೆ.

ಮುಂದಿನ ಲೆಕ್ಕ

ಲೆಸ್ಟರಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2019-20 ಹಾಗೂ 2020-21ರಲ್ಲಿ ಅದು ಲೀಗಿನಲ್ಲಿ 5ನೇ ಸ್ಥಾನ ಪಡೆಯಿತು. 2021ರ ಮೇ ತಿಂಗಳಲ್ಲಿ ಚೆಲ್ಸಿಯನ್ನು 1-0ರಿಂದ ಸೋಲಿಸಿ ಎಫ್.ಎ. ಕಪ್ ಗೆದ್ದಿತು. ಈ ಏಳಿಗೆಯೊಡನೆ ವೆಚ್ಚವೂ ಏರಿತು. 2022-23ನೇ ಸಾಲಿನ ಲೆಕ್ಕಪತ್ರಗಳಲ್ಲಿ ಆದಾಯ ಸುಮಾರು 177 ದಶಲಕ್ಷ ಪೌಂಡ್, ಸಿಬ್ಬಂದಿ ವೆಚ್ಚ ಸುಮಾರು 206 ದಶಲಕ್ಷ ಪೌಂಡ್. 2015-16ರಲ್ಲಿ ಪ್ರತಿ 100 ಪೌಂಡ್ ಆದಾಯದಲ್ಲಿ ಸುಮಾರು 62 ಪೌಂಡ್ ವೇತನಕ್ಕೆ ಹೋಗುತ್ತಿತ್ತು. 2022-23ರಲ್ಲಿ ಸುಮಾರು 116 ಪೌಂಡ್ ಹೋಯಿತು. ಅದೇ 2023ರ ಮೇ ತಿಂಗಳಲ್ಲಿ ತಂಡವು 18ನೇ ಸ್ಥಾನಕ್ಕೆ ಕುಸಿದು ಕೆಳದರ್ಜೆಗೆ ಇಳಿಯಿತು. 2024ರಲ್ಲಿ ಮೇಲೇರಿ, 2025ರಲ್ಲಿ ಪುನಃ ಇಳಿಯಿತು.

ಕಡಿಮೆ ವೇತನದ ತಂಡ ಪ್ರಶಸ್ತಿ ಗೆದ್ದಿತು, ಅದಕ್ಕಿಂತ ಎರಡೂವರೆ ಪಟ್ಟು ವೇತನದ ತಂಡ ಕೆಳಕ್ಕಿಳಿಯಿತು. ಈ ಎರಡು ಅಢಾವೆ ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಯಾವುದೇ ಉದ್ಯಮಿಗೂ ಉಪಯುಕ್ತ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಡವನ ಸಂಕೋಚವೆಂದು ತಿಳಿಯುವವರಿದ್ದಾರೆ. ಲೆಸ್ಟರಿನ ಮಟ್ಟಿಗೆ ಅದು ಗೆಲುವಿನ ಸೂತ್ರವೇ ಆಗಿತ್ತು. ಅದನ್ನು ಮರೆತಾಗ ಬಂದುದು ನಷ್ಟ.

ವರ್ತಕರು ಹಾಗೂ ತಯಾರಕರು ಗಮನಿಸಬೇಕಾದ ಅಂಶಗಳು

1. ಬಂಡವಾಳದ ಗಾತ್ರಕ್ಕಿಂತ ಅದರ ಚಲನೆಯನ್ನು ಅಳೆಯಬೇಕು. ದಾಸ್ತಾನು ಎಷ್ಟು ದಿನ ನಿಲ್ಲುತ್ತದೆ, ಬಾಕಿ ಎಷ್ಟು ದಿನಕ್ಕೆ ವಸೂಲಾಗುತ್ತದೆ, ಸರಬರಾಜುದಾರರಿಗೆ ಎಷ್ಟು ದಿನಕ್ಕೆ ಪಾವತಿಯಾಗುತ್ತದೆ ಎಂಬ ಮೂರು ಸಂಖ್ಯೆಗಳನ್ನು ಪ್ರತಿ ತಿಂಗಳೂ ಬರೆದಿಡುವುದು ಉತ್ತಮ.

2. ಉದ್ದರಿಯ ವಿಷಯದಲ್ಲಿ ಕಾನೂನಿನ ರಕ್ಷಣೆಯನ್ನು ಬಳಸಿಕೊಳ್ಳಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ತಯಾರಕರಿಂದ ಸರಕು ಪಡೆದ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸಿ ಕೊಡಬೇಕು. ಬೇಡಿಕೆ ಒಪ್ಪಿಕೊಳ್ಳುವಾಗಲೇ ಈ ಅವಧಿಯನ್ನು ಪತ್ರದಲ್ಲಿ ನಮೂದಿಸಿದರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ.

3. ದೊಡ್ಡವರ ಬಲವಿರುವ ಕಡೆ ಹೋರಾಡದೆ, ಅವರು ಮುಂದೆ ಬಂದಾಗ ಹಿಂದೆ ಬಿಟ್ಟ ಬಯಲನ್ನು ಹುಡುಕಬೇಕು. ಚಿಕ್ಕ ಪ್ರಮಾಣದ ಬೇಡಿಕೆ, ತುರ್ತು ಪೂರೈಕೆ, ದುರಸ್ತಿ, ಬಿಡಿಭಾಗ, ಗಿರಾಕಿಯ ಅಳತೆಗೆ ತಕ್ಕ ತಯಾರಿಕೆ, ಇವೆಲ್ಲ ದೊಡ್ಡ ಕಾರ್ಖಾನೆಗೆ ತೊಡಕು, ಸಣ್ಣ ಘಟಕಕ್ಕೆ ಅವಕಾಶ.

4. ಮಾರಾಟ ಏರಿದ ವರ್ಷದಲ್ಲಿಯೇ ಸೋರಿಕೆಯನ್ನು ಹುಡುಕಬೇಕು. ತಿದ್ದುಪಡಿ ಸೋರುವ ಜಾಗಕ್ಕೆ ಸೀಮಿತವಾಗಿರಲಿ. ದುಡಿಯುತ್ತಿರುವ ಭಾಗವನ್ನು ಕದಲಿಸಬಾರದು.

5. ಯಾವ ಒಬ್ಬ ನೌಕರ, ಒಬ್ಬ ಗಿರಾಕಿ ಅಥವಾ ಒಂದು ಯಂತ್ರ ಇಲ್ಲವಾದರೆ ವ್ಯಾಪಾರ ನಿಲ್ಲುತ್ತದೆ ಎಂಬುದನ್ನು ಗುರುತಿಸಿ, ಅದಕ್ಕೆ ಬದಲಿ ವ್ಯವಸ್ಥೆಯನ್ನು ಒಳ್ಳೆಯ ದಿನಗಳಲ್ಲಿಯೇ ಮಾಡಿಕೊಳ್ಳಬೇಕು.

6. ಒಂದು ವರ್ಷದ ಹೆಚ್ಚಿನ ಲಾಭವನ್ನು ಆಧರಿಸಿ ಪ್ರತಿವರ್ಷದ ಸ್ಥಿರ ವೆಚ್ಚವನ್ನು ಏರಿಸಬಾರದು. ಲಾಭ ಇಳಿಯಲು ಒಂದು ತ್ರೈಮಾಸಿಕ ಸಾಕು, ವೇತನ, ಬಾಡಿಗೆ ಹಾಗೂ ಸಾಲದ ಕಂತು ಅಷ್ಟು ಬೇಗ ಇಳಿಯುವುದಿಲ್ಲ.

7. ಗೆಲುವು ತಂದ ವಿಧಾನವನ್ನು ಇತರರು ಅನುಕರಿಸುವರು ಅಥವಾ ತಡೆಯುವರು ಎಂದೇ ಭಾವಿಸಿ, ಎರಡನೆಯ ವಿಧಾನವನ್ನು ಮುಂಚೆಯೇ ಅಭ್ಯಾಸ ಮಾಡಬೇಕು.

ಈ ಏಳು ಅಂಶಗಳಲ್ಲಿ ಮೊದಲನೆಯ, ಮೂರನೆಯ ಹಾಗೂ ನಾಲ್ಕನೆಯ ಅಂಶಗಳನ್ನು ಲೆಸ್ಟರ್ ಸಿಟಿ ಪಾಲಿಸಿತು, ಪ್ರಶಸ್ತಿ ಗೆದ್ದಿತು. ಕೊನೆಯ ಮೂರನ್ನು ಕಡೆಗಣಿಸಿದುದರ ಫಲವನ್ನು ಮುಂದಿನ ವರ್ಷಗಳಲ್ಲಿ ಉಂಡಿತು. ವರ್ಷಾಂತ್ಯದ ಲೆಕ್ಕ ಮುಗಿಸುವ ಸಮಯದಲ್ಲಿ ಪ್ರತಿಯೊಬ್ಬ ಉದ್ಯಮಿಯೂ ತನ್ನ ಘಟಕವು ಈ ಏಳರಲ್ಲಿ ಎಷ್ಟನ್ನು ಪಾಲಿಸುತ್ತಿದೆ ಎಂದು ಒಂದು ಹಾಳೆಯಲ್ಲಿ ಬರೆದು ನೋಡಿದರೆ, ಮುಂದಿನ ವರ್ಷ ಎಲ್ಲಿ ಗಮನ ಕೊಡಬೇಕೆಂಬುದು ತಿಳಿಯುತ್ತದೆ.